ಬೀಳಪ್ಪ ಅಳಿಸಿದ ಹಗ್ಗ

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ನೆನಪಿಸಿಕೊಳ್ಳಲು ಅವನ ಹೆಂಡತಿಯೂ ಒಂದು ಗಳಿಗೆ ಸೂರು ನೋಡಬೇಕಾಗುತ್ತಿತ್ತು. ಸಿನಿಮಾದವರ ಬಾಯಲ್ಲಿ ಅವನು ಬೀಳಪ್ಪ. ನಾಯಕ ಒದ್ದರೆ ಖಳನ ಅಂಗಿ ತೊಟ್ಟು ಬೀಳುವವನು ಅವನೇ, ಖಳ ಒದ್ದರೆ ನಾಯಕನ ಅಂಗಿ ತೊಟ್ಟು ಬೀಳುವವನೂ ಅವನೇ. ಒಂದು ಸಿನಿಮಾದಲ್ಲಂತೂ ಇಬ್ಬರ ಪಾಲಿಗೂ ತಾನೇ ನಿಂತು, ತನ್ನನ್ನು ತಾನೇ ಮಹಡಿಯಿಂದ ತಳ್ಳಿಕೊಂಡಿದ್ದನಂತೆ. ಸೇತುವೆಯಿಂದ ಬಿದ್ದಿದ್ದ, ಓಡುವ ರೈಲಿನಿಂದ ಬಿದ್ದಿದ್ದ, ನಿಂತ ರೈಲಿನಿಂದಲೂ ಬಿದ್ದಿದ್ದ. ಕೊನೆಯದು ಮಾತ್ರ ಚಿತ್ರೀಕರಣವಲ್ಲ, ಟೀ ಕುಡಿಯಲು ಇಳಿಯುವಾಗ. ಅವನು ಬೀಳದೆ ಉಳಿದದ್ದು ಪ್ರೇಮದಲ್ಲಿ ಮಾತ್ರ ಎಂದು ತಂಡದವರು ನಗುತ್ತಿದ್ದರು. ಮದುವೆಗೂ ಅವನನ್ನು ತಳ್ಳಿದ್ದು ಮಾಸ್ಟರೇ.

ಮಾಸ್ಟರ್ ಎಂದರೆ ಫೈಟ್ ಮಾಸ್ಟರ್, ಸಿನಿಮಾಗಳಿಗೆ ಹೊಡೆದಾಟ ಕಟ್ಟಿಕೊಡುವವನು, ಬೀಳಪ್ಪನ ಹೆಂಡತಿಯ ಒಡಹುಟ್ಟಿದ ಅಣ್ಣ. ಕತ್ತು ಎಂಬ ಅಂಗವನ್ನು ದೇವರು ಅವನಿಗೆ ಕೊಡಲು ಮರೆತಿದ್ದ; ತಲೆ ನೇರವಾಗಿ ಹೆಗಲ ಮೇಲೆಯೇ ಕೂತಿತ್ತು. ಏಟು ಬಿದ್ದರೆ ತಾನೇ ಏಟು ಎಂಬುದು ಅವನ ಸಿದ್ಧಾಂತ. ಪರದೆಯ ಮೇಲೆ ನೋಡುವವನ ಹಲ್ಲು ಜುಂ ಎನ್ನಬೇಕಾದರೆ ತಿನ್ನುವವನ ಹಲ್ಲು ಹೋಗಲೇಬೇಕು ಎನ್ನುತ್ತಿದ್ದ. ಅವನ ತಂಡದವರೆಲ್ಲರ ಹಲ್ಲು ಒಟ್ಟು ಸೇರಿಸಿದರೂ ಒಂದು ಬಾಯಿ ನೆಟ್ಟಗೆ ತುಂಬುತ್ತಿರಲಿಲ್ಲ. ಹೊಸದಾಗಿ ಸೇರಿದ ಒಬ್ಬ, ಅಭ್ಯಾಸದ ಶೆಡ್ಡಿನಲ್ಲಿ, ಎದುರಿನವನ ಮೂಗಿಗೆ ಬೆರಳಗಲ ಮೊದಲೇ ಮುಷ್ಟಿ ನಿಲ್ಲಿಸಿದ. ಮಾಸ್ಟರ್ ಅವನನ್ನು ಪಕ್ಕಕ್ಕೆ ಕರೆದು, ಮುಷ್ಟಿ ಎಲ್ಲಿ ನಿಲ್ಲಬೇಕೆಂದು ಬಹಳ ತಾಳ್ಮೆಯಿಂದ ತೋರಿಸಿಕೊಟ್ಟ. ಅದು ನಿಂತದ್ದು ಆ ಹುಡುಗನ ಮೂಗಿನ ಒಳಗೆ. ಆಮೇಲೆ ಆ ಮೂಗು ಎಡಕ್ಕೆ ತಿರುಗಿಯೇ ಉಳಿಯಿತು. ಅವನು ನೇರ ನಡೆದರೂ ಮೂಗು ಅಡ್ಡರಸ್ತೆ ಹಿಡಿಯುತ್ತಿತ್ತು.

ಕ್ಯಾಮೆರಾದ ಮುಂದೆ ಬೀಳಪ್ಪನ ಕೊನೆಯ ಬೀಳು ಒಂದು ಬಾಗಿಲಿನದು. ಹೊಡೆದಾಟದಲ್ಲಿ ಒಡೆಯುವ ಬಾಗಿಲನ್ನು ಹಗುರ ಮರದಲ್ಲಿ, ಮುಟ್ಟಿದರೆ ಪುಡಿಯಾಗುವ ಹಾಗೆ ಮಾಡಿರುತ್ತಾರೆ. ಮಾಸ್ಟರ್ ಅದನ್ನು ಬೆರಳಿನಿಂದ ತಟ್ಟಿ ನೋಡಿ, ಇದು ಬಾಗಿಲೋ ಬಿಸ್ಕತ್ತೋ ಎಂದು ಕೇಳಿ, ಹಳೆಯ ಮನೆಯೊಂದರಿಂದ ನಿಜವಾದ ಬಾಗಿಲು ಕೀಳಿಸಿ ತಂದು ಕೂರಿಸಿದ. ನಾಲ್ಕು ಜನ ಬೀಳಪ್ಪನನ್ನು ಕೈಕಾಲು ಹಿಡಿದು ತೂಗಿ ಅದಕ್ಕೆ ಎಸೆದರು. ಮೊದಲ ಸಲ ಬಾಗಿಲು ಗೆದ್ದಿತು. ಎರಡನೆಯ ಸಲ ಸಮವಾಯಿತು. ಮೂರನೆಯ ಸಲ ಇಬ್ಬರೂ ಮುರಿದರು. ಹಲಗೆಯ ಚೂರು ಕೆನ್ನೆಯನ್ನು ಸೀಳಿ ಒಳಗಿನ ದವಡೆ ತೋರಿಸಿತು, ಕತ್ತಿನಲ್ಲಿ ಒಣಕಡ್ಡಿ ಮುರಿದಂತೆ ಏನೋ ಆಯಿತು, ಮಾಸ್ಟರ್ ಕ್ಯಾಮೆರಾದ ಪಕ್ಕದಿಂದ ಕೂಗಿದ, ಈಗ ಬಂತು ನೋಡು ಅಂತ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇದರಲ್ಲಿ ಹಳೆಯ ಮುರಿತ ಯಾವುದು ಹೊಸದು ಯಾವುದು ಎಂದು ಕೇಳಿದರು. ಮದುವೆಯ ಫೋಟೋದಲ್ಲಿ ನೆಂಟರನ್ನು ಗುರುತಿಸುವವನಂತೆ ಬೀಳಪ್ಪ ಬೆರಳಿಟ್ಟು ಹೇಳಿದ: ಇದು ಸೇತುವೆ, ಇದು ಜೀಪು, ಇದು ಇನ್ನೊಂದು ಜೀಪು.

"ಇನ್ನೊಂದು ಸಲ ಬಿದ್ರೆ ಕತ್ತು ಮುರಿಯುತ್ತೆ ಅಂತ ನಾನು ಹೇಳಲ್ಲಪ್ಪ," ಎಂದರು ಡಾಕ್ಟರು. "ಅದು ಈಗಾಗ್ಲೇ ಮುರಿದಿದೆ. ಅದಕ್ಕಿನ್ನೂ ಗೊತ್ತಾಗಿಲ್ಲ, ಅಷ್ಟೆ. ನೀವಾಗಿ ಗೊತ್ತು ಮಾಡಿಸ್ಬೇಡಿ."

ಕುತ್ತಿಗೆಗೆ ಪಟ್ಟಿ ಬಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಮಂಚ ಬಿತ್ತು. ಮಂಚದ ಪಕ್ಕದಲ್ಲಿ, ಮುಚ್ಚಿಹೋದ ಫೋಟೋ ಸ್ಟುಡಿಯೋ ಒಂದರಿಂದ ಮಗಳು ಹೊತ್ತು ತಂದ ಕಂಪ್ಯೂಟರ್ ಕೂತಿತು. ಅದರ ಫ್ಯಾನು ತಿರುಗಿದರೆ ಹಿಟ್ಟಿನ ಗಿರಣಿ ಬಾಗಿಲು ತೆರೆಯಿತೆಂದು ಪಕ್ಕದ ಬೀದಿಯವರು ಚೀಲ ಹಿಡಿದು ಬರಬೇಕು. ಮಗಳ ಹೆಸರು ಬುಗುರಿ. ನಡೆಯಲು ಕಲಿಯುವ ಮೊದಲೇ ಲಾಗ ಹಾಕಲು ಕಲಿತವಳು, ಈಗ ನಾಯಕಿಯರ ಬದಲಿಗೆ ಓಡುವುದು, ಹಾರುವುದು, ಒದೆ ತಿನ್ನುವುದು ಅವಳ ಕೆಲಸ. ಅಪ್ಪ ಸೂರು ನೋಡಿಕೊಂಡು ಹುಚ್ಚನಾಗುವುದು ಬೇಡವೆಂದು ಅವಳೇ ಇಂಟರ್‌ನೆಟ್ಟಿನಲ್ಲಿ ಬಿಟ್ಟಿ ಸಿಗುವ ಪಾಠಗಳನ್ನು ತೆಗೆದುಕೊಟ್ಟಳು. ಸಿನಿಮಾ ಕತ್ತರಿಸುವ ಪಾಠ, ಗೊಂಬೆ ಓಡಿಸುವ ಪಾಠ, ಇಲ್ಲದ ಬೆಂಕಿ ಹಚ್ಚುವ ಪಾಠ, ಇರುವ ಮನುಷ್ಯನನ್ನು ಮಾಯ ಮಾಡುವ ಪಾಠ.

ಆ ಲೋಕದಲ್ಲಿ ಮೇಷ್ಟರುಗಳಿಗೆ ಬರಗಾಲವಿಲ್ಲ. ಒಂದು ಕಲ್ಲೆಸೆದರೆ ಹತ್ತು ಮೇಷ್ಟರಿಗೆ ತಾಗಿ ಹನ್ನೊಂದನೆಯವನು ಕಲ್ಲನ್ನು ಹೇಗೆ ಎಸೆಯಬೇಕೆಂದು ಪಾಠ ಶುರು ಮಾಡುತ್ತಾನೆ. ಕೆಲವರು ಮುಖ್ಯ ವಿಷಯಕ್ಕೆ ಬರುವ ಮೊದಲು ತಮ್ಮ ಬಾಲ್ಯದಿಂದ ಆರಂಭಿಸುವವರು. ಬೀಳಪ್ಪ ಎಲ್ಲರನ್ನೂ ಒಂದೊಂದು ದಿನ ನೋಡಿ, ಕೊನೆಗೆ ಒಬ್ಬ ಬೋಳುತಲೆಯ ಮೇಷ್ಟರಿಗೆ ಶಿಷ್ಯನಾದ. ಮೇಷ್ಟರ ಭಾಷೆ ಅವನಿಗೆ ಒಂದಕ್ಷರ ಬಾರದು. ಆದರೆ ಯಂತ್ರವೇ ಮಾತನ್ನು ಕನ್ನಡ ಮಾಡಿ ಚಿತ್ರದ ಕೆಳಗೆ ಬರೆಯುವ ಏರ್ಪಾಡಿತ್ತು. ಇನ್ನೊಂದು ಗುಂಡಿ ಒತ್ತಿದರೆ ಹೆಂಗಸಿನ ದನಿಯಲ್ಲಿ ಓದಿಯೂ ಹೇಳುತ್ತಿತ್ತು. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಮೊದಲ ದಿನ ಕೇಳಿಸಿದ್ದು ಇಷ್ಟು: "ಈಗ ಮೇಲಿನವನನ್ನು ಕೊಂದುಬಿಡಿ. ಕೆಳಗಿನವನನ್ನು ಮಧ್ಯಕ್ಕೆ ಸೀಳಿ. ಉಳಿದ ತುಂಡುಗಳನ್ನು ಒಂದರ ಮೇಲೊಂದು ಮಲಗಿಸಿ ಉಸಿರು ಕಟ್ಟುವವರೆಗೆ ಒತ್ತಿ." ಆಕೆ ಸೌಟು ಹಿಡಿದೇ ಬಂದು ನಿಂತಳು.

"ರೀ, ಏನ್ ಕಲೀತಿದೀರಿ ನೀವು?"

"ಸಿನಿಮಾ ಕತ್ತರಿಸೋದು."

"ನಮ್ಮಣ್ಣನ ಹತ್ರ ಇರ್ಬೇಕಾದ್ರೇನೇ ವಾಸಿಯಾಗಿತ್ತು," ಎಂದು ಆಕೆ ಒಳಗೆ ಹೋದಳು.

ಅಂಚಿಗೆ ಪುಕ್ಕ ಹಚ್ಚಿ ಎಂದು ಯಂತ್ರ ಹೇಳಿದರೆ ಅದು ಅಂಚನ್ನು ನಯ ಮಾಡುವುದೆಂದು ತಿಳಿಯಲು ಅವನಿಗೆ ಒಂದು ವಾರ ಹಿಡಿಯಿತು. ತಟ್ಟೆಯದು ಇನ್ನೂ ದೊಡ್ಡ ಕಥೆ. ತೊಳೆದ ತಟ್ಟೆ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ ಎಂದು ಮೇಷ್ಟರು ಪಾಠಪಾಠದಲ್ಲೂ ಎಚ್ಚರಿಸುತ್ತಿದ್ದರು. ಬೀಳಪ್ಪ ಹೆಂಡತಿಯಿಂದ ಊಟದ ತಟ್ಟೆಯೊಂದನ್ನು ಎರಡು ಸಲ ತೊಳೆಸಿ ತರಿಸಿ, ಕಂಪ್ಯೂಟರಿನ ಪಕ್ಕದಲ್ಲಿಟ್ಟುಕೊಂಡು, ಏನಾಗುತ್ತದೋ ಎಂದು ಕಾದ. ದಿನವೂ ತಟ್ಟೆ ಫಳಫಳ ಹೊಳೆಯುತ್ತಿತ್ತು, ಕೆಲಸ ಮಾತ್ರ ಕೆಡುತ್ತಿತ್ತು. ಇನ್ನೂ ಚೆನ್ನಾಗಿ ತೊಳಿ ಎಂದು ಹೆಂಡತಿಗೆ ಹೇಳಿ ಬೈಸಿಕೊಂಡ. ಕೊನೆಗೊಂದು ದಿನ ಮೇಷ್ಟರು ಬೀದಿಯಲ್ಲಿ ಯಾರೂ ಇಲ್ಲದಾಗ ಬರೀ ಬೀದಿಯನ್ನು ಚಿತ್ರ ಹಿಡಿದು, ಇದೇ ತಟ್ಟೆ ಎಂದು ತೋರಿಸಿದರು. ಖಾಲಿ ಜಾಗದ ಚಿತ್ರಕ್ಕೆ ಆ ಕಸುಬಿನಲ್ಲಿ ಕ್ಲೀನ್ ಪ್ಲೇಟ್ ಎನ್ನುತ್ತಾರಂತೆ. ಅಳಿಸುವುದೆಂದರೆ ಉಜ್ಜುವುದಲ್ಲ, ಆ ಖಾಲಿ ಚಿತ್ರದಿಂದ ಚೂರುಚೂರು ಕತ್ತರಿಸಿ ತಂದು, ಬೇಡದ್ದರ ಮೇಲೆ ಅಂಟಿಸುವುದು.

ಅದೇ ಪಾಠದಲ್ಲಿ ಅವನು ಅದನ್ನು ಕಂಡ. ಒಬ್ಬ ಮನುಷ್ಯ ಎತ್ತರದ ಕಟ್ಟಡದಿಂದ ಬೀಳುತ್ತಿದ್ದ. ಸೊಂಟಕ್ಕೆ ತೋಳುದಪ್ಪದ ಹಗ್ಗ. ಮೇಷ್ಟರು ಚೂರು ಅಂಟಿಸುತ್ತಾ ಹೋದರು. ಹಗ್ಗ ಮಾಯ, ಮನುಷ್ಯ ಯಾವ ಆಸರೆಯೂ ಇಲ್ಲದೆ ಬೀಳುತ್ತಿದ್ದ. ಬೀಳಪ್ಪ ಎದ್ದು ಕೂತ. ಕುತ್ತಿಗೆಯ ಪಟ್ಟಿ ಅವನನ್ನು ಮತ್ತೆ ಮಲಗಿಸಿತು. ಹಗ್ಗ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಮಾಸ್ಟರ್ ಮೂವತ್ತು ವರ್ಷ ಯಾರಿಗೂ ಹಗ್ಗ ಕಟ್ಟಿಸಿರಲಿಲ್ಲ. ತಂಡದಲ್ಲಿ ಮೀಸೆ ಎಂಬೊಬ್ಬನಿದ್ದ, ಬೀಳಪ್ಪನ ಜೊತೆಗಾರ. ನೀರಿನ ಗೋಪುರದಿಂದ ಬೆನ್ನು ಹಿಂದಾಗಿ ಬಿದ್ದವನು ಕೆಳಗೆ ಜೋಡಿಸಿದ್ದ ರಟ್ಟಿನ ಡಬ್ಬಗಳ ಮೇಲೆ ಬೀಳದೆ, ಪಕ್ಕದ ಸಿಮೆಂಟಿನ ಮೇಲೆ ಬಿದ್ದ. ತಲೆ ಒಡೆದು ಎರಡಾಯಿತು. ಅವನ ಮೀಸೆ ಮಾತ್ರ ಏನೂ ಆಗದೆ ತಿರುವಿದ್ದು ತಿರುವಿದಂತೆಯೇ ಇತ್ತು. ಆ ಬೀಳು ಸಿನಿಮಾದಲ್ಲಿ ಉಳಿಯಿತು, ಜನ ಸಿಳ್ಳೆ ಹೊಡೆದರು.

ಹಗ್ಗ ಅಳಿಸುವ ಪಾಠವನ್ನು ಅಂದಿನಿಂದ ಬೀಳಪ್ಪ ಊಟ ಬಿಟ್ಟು ಕಲಿತ. ಏಕೆಂದರೆ ಅದೇ ವಾರ ಬುಗುರಿಗೆ ದೊಡ್ಡ ಕೆಲಸ ಬಂದಿತ್ತು.

ಹಳೆಯ ಗೋದಾಮಿನ ತಾರಸಿಯಿಂದ ನಾಯಕಿ ಬೆನ್ನು ಹಿಂದಾಗಿ, ಎರಡೂ ಕೈ ಅಗಲಿಸಿ ಬೀಳಬೇಕು. ಎರಡೇ ಅಂತಸ್ತು, ಆದರೆ ಲಾರಿ ಒಳಗೆ ನುಗ್ಗುವಷ್ಟು ಎತ್ತರದ ಅಂತಸ್ತುಗಳು. ದೂರದಿಂದ ತೆಗೆಯುವ ಚಿತ್ರವಾದ್ದರಿಂದ ಡಬ್ಬಗಳನ್ನು ಒಂದು ಲಾರಿಯ ಮರೆಯಲ್ಲಿ ಬಚ್ಚಿಡಬೇಕು. ಅಲ್ಲಿದ್ದ ಜಾಗ ಒಂದು ಮಂಚದಷ್ಟು. ಹಿಂದೆ ನೋಡದೆ ಬೀಳುವವಳು ಆ ಮಂಚದ ಮೇಲೆಯೇ ಬೀಳಬೇಕು. ಮಾಸ್ಟರ್ ಎಂದಿನಂತೆ ಹಗ್ಗ ಬೇಡ ಎಂದ. ನಿರ್ದೇಶಕ ಕೊನೆಗೆ ಮಾತಾಡಿದವರ ಮಾತಿಗೆ ತಲೆದೂಗುವ ಜಾತಿಯವನು. ಬೀಳಪ್ಪ ಕುತ್ತಿಗೆಪಟ್ಟಿಯ ಸಮೇತ ಹೋಗಿ, ಹಗ್ಗ ಕಟ್ಟಿ, ಕಾಣದ ಹಾಗೆ ನಾನು ಬಿಟ್ಟಿಯಾಗಿ ಅಳಿಸಿಕೊಡುತ್ತೇನೆ ಎಂದಾಗ ಅದಕ್ಕೂ ತಲೆದೂಗಿದ. ಅಳಿಸಿ ತೋರಿಸು, ಆಮೇಲೆ ನೋಡೋಣ ಎಂದ ಮಾಸ್ಟರ್.

ಶೆಡ್ಡಿನ ಹಿಂದಿನ ನೀರಿನ ತೊಟ್ಟಿಯ ಮೇಲಿನಿಂದ ಬುಗುರಿ ಹಗ್ಗ ಕಟ್ಟಿಕೊಂಡು ಹಾರಿದಳು. ಬೀಳಪ್ಪ ಮೊದಲು ಖಾಲಿ ಜಾಗವನ್ನು ಫೋನಿನಲ್ಲಿ ಹಿಡಿದ, ಆಮೇಲೆ ಮಗಳನ್ನು. ಮನೆಗೆ ತಂದು ಅಳಿಸಲು ಕೂತ. ಒಂದು ಸೆಕೆಂಡಿನ ಹೊಟ್ಟೆಯಲ್ಲಿ ಅಷ್ಟೊಂದು ಚಿತ್ರಗಳು ಅಡಗಿರುತ್ತವೆಂದು ಗೊತ್ತಿದ್ದರೆ ಅವನು ಜೀವಮಾನದಲ್ಲಿ ಅಷ್ಟು ಸೆಕೆಂಡು ಬೀಳುತ್ತಿರಲಿಲ್ಲ. ಒಂದೊಂದರಲ್ಲೂ ಹಗ್ಗ ಅಳಿಸಿದ. ಗೋಡೆಯ ಮೇಲಿನ ಹಗ್ಗದ ನೆರಳು ಅಳಿಸಿದ. ಹಗ್ಗ ಸಿಕ್ಕಿಸಲು ಅಂಗಿಯೊಳಗೆ ಬಿಗಿದಿದ್ದ ಸೊಂಟಪಟ್ಟಿಯ ಉಬ್ಬು ಅಳಿಸಿದ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಹಗ್ಗ ಬಿಗಿಯಾದಾಗ ಸೊಂಟ ಒಂದು ಕೂದಲೆಳೆಯಷ್ಟು ಮೇಲಕ್ಕೆ ಜಗ್ಗಿದ್ದು ಅವನ ಕಣ್ಣಿಗೆ ಬಿತ್ತು. ಬೇರೆ ಯಾರಿಗೂ ಬೀಳುತ್ತಿರಲಿಲ್ಲ. ಮೂವತ್ತು ವರ್ಷ ಬಿದ್ದವನ ಕಣ್ಣು ಅದು. ಅದನ್ನೂ ಚೂರು ಚೂರಾಗಿ ತಿದ್ದಿ, ನೆಟ್ಟಗೆ ನೆಲಕ್ಕಿಳಿಯುವ ಹಾಗೆ ಮಾಡಿದ. ಬೋಳು ಮೇಷ್ಟರು ನೋಡಿದ್ದರೆ ತಮ್ಮ ತಲೆಗೆ ಕೂದಲು ಬರಿಸಿಕೊಂಡು ಮತ್ತೆ ಬೋಳಿಸಿಕೊಳ್ಳುತ್ತಿದ್ದರು, ಅಷ್ಟು ಅಚ್ಚುಕಟ್ಟು.

ಶೆಡ್ಡಿನಲ್ಲಿ ಮಾಸ್ಟರ್, ನಿರ್ದೇಶಕ, ಬುಗುರಿ ಮೂವರೂ ಫೋನಿನ ಮೇಲೆ ಬಗ್ಗಿದರು. ಮಾಸ್ಟರ್ ಒಂದು ಸಲ ನೋಡಿದ. ಮತ್ತೆ ನೋಡಿದ. ತೊಡೆ ತಟ್ಟಿದ.

"ಹಗ್ಗ ಎಲ್ಲಯ್ಯ?"

"ಅಳಿಸಿದೀನಿ, ಭಾವ."

"ಅಳಿಸಿದೀಯ." ಮಾಸ್ಟರ್ ನಿರ್ದೇಶಕನ ಕಡೆ ತಿರುಗಿ ಕಣ್ಣು ಹೊಡೆದ. "ಹಗ್ಗ ಕಟ್ಟಿದೋರು ಹಿಂಗೆ ಬೀಳಲ್ಲ ಕಣಯ್ಯ. ಯಾರ ಹತ್ರ ಹೇಳ್ತಿದೀಯ? ಸೊಂಟ ನೋಡು, ಎಲ್ಲಾದ್ರೂ ಜಗ್ಗಿದೆಯಾ? ನಮ್ಮ ಹುಡುಗಿ ಹಗ್ಗ ಇಲ್ದೇನೇ ಹಾರಿದಾಳೆ. ನಿನಗೆ ನೋಡಿ ಎದೆ ಒಡೀತು, ಹಗ್ಗದ ಕಥೆ ಕಟ್ಟಿದೀಯ."

ಬೀಳಪ್ಪ ಫೋನು ತಡಕಿ, ಅಳಿಸುವ ಮೊದಲಿನ ಚಿತ್ರ ತೆಗೆದು ತೋರಿಸಿದ. ಅದರಲ್ಲಿ ಹಗ್ಗ ಕಣ್ಣಿಗೆ ರಾಚುವ ಹಾಗಿತ್ತು. ಮಾಸ್ಟರ್ ಅದನ್ನೂ ನೋಡಿ ಹೊಟ್ಟೆ ಹಿಡಿದು ನಕ್ಕ.

"ಅಳಿಸೋಕೆ ಬರೋನಿಗೆ ಬರೆಯೋಕೆ ಬರಲ್ವಾ?"

ನಿರ್ದೇಶಕ ತಲೆದೂಗಿದ. ಹಗ್ಗವಿಲ್ಲದೆಯೇ ಇಷ್ಟು ಚೆಂದ ಬೀಳುವವಳಿಗೆ ಸುಮ್ಮನೆ ಹಗ್ಗ ಕಟ್ಟಿ ಕೆಡಿಸುವುದೇಕೆ ಎಂದ. ಬುಗುರಿ ಮಾತ್ರ, ಇತ್ತು ಮಾವ, ನನ್ನ ಸೊಂಟಕ್ಕೇ ಕಟ್ಟಿದ್ದು ಎಂದಳು. ಮಾಸ್ಟರ್ ಅವಳ ಹೆಗಲ ಮೇಲೆ ಕೈ ಹಾಕಿದ.

"ಇತ್ತು ಅಂತಲೇ ಇಟ್ಕೋ. ಎಳೀತಾ?"

ಬುಗುರಿ ಫೋನು ಇಸಿದುಕೊಂಡು ಇನ್ನೊಂದು ಸಲ ನೋಡಿದಳು. ಪರದೆಯಲ್ಲಿ ಅವಳು ಒಂದು ಎಲೆ ಕಳಚಿದಷ್ಟು ಸಲೀಸಾಗಿ, ಯಾರ ಹಂಗೂ ಇಲ್ಲದೆ ಬೀಳುತ್ತಿದ್ದಳು. ಅವಳ ಮುಖದಲ್ಲಿ, ಮೊದಲ ಸಲ ಕನ್ನಡಿ ಕಂಡವರ ಬೆಳಕು ಬಂತು.

"ಅಷ್ಟೇನೂ ಎಳೀಲಿಲ್ಲ," ಎಂದಳು.

ಆ ಹಳೆಯ ಬಾಗಿಲು ಮೂರು ಸಲ ಕೊಟ್ಟದ್ದಕ್ಕಿಂತ ಜೋರಾದ ಏಟು ಬೀಳಪ್ಪನಿಗೆ ಆಗ ಬಿತ್ತು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ನಿಂತೇ ಕೇಳಿಸಿಕೊಂಡಳು. ಕಂಪ್ಯೂಟರಿನ ಪಕ್ಕದಲ್ಲಿ ಇನ್ನೂ ಕೂತಿದ್ದ ಆ ತೊಳೆದ ತಟ್ಟೆಯನ್ನೆತ್ತಿ ಗಂಡನ ಕಡೆ ಬೀಸಿದಳು. ಬೀಸಿದ ಕೈ ಮಾಸ್ಟರನ ತಂಗಿಯದು. ತಟ್ಟೆ ಅವನ ಕಿವಿ ಸವರಿಕೊಂಡು ಹೋಗಿ ಗೋಡೆಯ ಗಾರೆ ಕಿತ್ತಿತು, ಕಿವಿಯಿಂದ ರಕ್ತ ಇಳಿಯಿತು.

"ಹೊಡೆಯೋನು ನಮ್ಮಣ್ಣ, ಹೊಡೆಸ್ಕೊಳ್ಳೋರು ನೀವು. ಎಷ್ಟು ವರ್ಷ ಆಯ್ತು, ನಾನು ಬಾಯಿ ಬಿಟ್ಟಿದೀನಾ? ಈಗ ಇಬ್ರೂ ಸೇರಿ ನನ್ನ ಮಗಳನ್ನ ತಾರಸಿ ಹತ್ತಿಸಿದೀರಲ್ಲ. ಅವನು ಹಗ್ಗ ಕಟ್ಟದೆ, ನೀವು ಅಳಿಸಿ."

ಆಕೆ ಅಣ್ಣನ ಮನೆಗೂ ಹೋಗಿ ಕೂಗಾಡಿ ಬಂದಳು. ಅಣ್ಣ ಟೀ ಕುಡಿಸಿ ಕಳಿಸಿದ.

ಬೀಳಪ್ಪನ ಬಳಿ ಇನ್ನೊಂದು ಉಪಾಯವಿತ್ತು. ಪರದೆಯಲ್ಲಿ ರಕ್ತ ಹರಿಸುವ ಮೇಷ್ಟರ ಪಾಠವನ್ನು ತೆಗೆದು, ಅದೇ ತೊಟ್ಟಿಯ ಬೀಳನ್ನು ಮತ್ತೆ ಕೈಗೆತ್ತಿಕೊಂಡ. ಹಗ್ಗ ನಿಧಾನ ಮಾಡಿದ್ದ ವೇಗವನ್ನು ನಿಜವಾದ ವೇಗಕ್ಕೆ ಏರಿಸಿದ. ಅಂದು ಕೆಳಗೆ ಹಾಸಿದ್ದ ಡಬ್ಬಗಳನ್ನು ಚಿತ್ರದಲ್ಲೇ ಪಕ್ಕಕ್ಕೆ ಸರಿಸಿದ. ಮಗಳು ಸಿಮೆಂಟಿಗೆ ಅಪ್ಪಳಿಸಿದಳು. ಕತ್ತು ಹಿಂದಕ್ಕೆ ಮಡಿಚಿಕೊಂಡಿತು, ತಲೆಯ ಕೆಳಗಿನಿಂದ ಕೆಂಪು ಹರಡಿಕೊಂಡು ಬಂತು. ಮಾಡುವಾಗ ಎರಡು ಸಲ ಎದ್ದು ಹೋಗಿ ವಾಂತಿ ಮಾಡಿದ. ಕುತ್ತಿಗೆಪಟ್ಟಿಯವನು ವಾಂತಿ ಮಾಡುವುದು ಸುಲಭದ ಕೆಲಸವಲ್ಲ. ಹೀಗಾಗುತ್ತೆ ನೋಡು ಎಂದು ಮಗಳ ಮುಂದೆ ಇಟ್ಟ. ಬುಗುರಿ ಗದ್ದಕ್ಕೆ ಕೈ ಕೊಟ್ಟು ಪೂರ್ತಿ ನೋಡಿದಳು.

"ಚೆನ್ನಾಗಿದೆ ಅಪ್ಪ. ರಕ್ತ ಸ್ವಲ್ಪ ತೆಳ್ಳಗಾಯ್ತು. ಇನ್ನೂ ಗಟ್ಟಿ ಇರ್ಬೇಕು."

ಅಪ್ಪ ಬೆಳಗಾದರೆ ಸಾಯುವುದನ್ನೂ ಸಂಜೆಗೆ ಮುಖ ತೊಳೆದು ಮನೆಗೆ ಬರುವುದನ್ನೂ ನೋಡಿ ಬೆಳೆದ ಮಗಳು. ಚಿತ್ರದಲ್ಲಿ ಕಂಡ ಸಾವಿಗೆ ಅವಳು ಹೆದರುವುದುಂಟೇ? ಚಿತ್ರದಲ್ಲಿ ಕಂಡ ಸಲೀಸನ್ನು ಮಾತ್ರ ಪೂರ್ತಿ ನಂಬಿದ್ದಳು. ಬೀಳಪ್ಪ ಗದರಿದ, ಅತ್ತ, ಕೆನ್ನೆಗೊಂದು ಬಾರಿಸಲು ಕೈಯೆತ್ತಿ ಹೊಡೆಯಲು ಬಾರದೆ ಇಳಿಸಿದ. ಅವಳು ಸಮಾಧಾನವಾಗಿಯೇ ಹೇಳಿದಳು: "ನೀನು ಬಿದ್ದಾಗ ನಾನು ಬೇಡ ಅಂದಿದ್ನಾ, ಅಪ್ಪ?"

ಚಿತ್ರೀಕರಣದ ದಿನ ಬಿಸಿಲು ಚೆನ್ನಾಗಿತ್ತು. ಕೆಳಗೆ ಲಾರಿ, ಲಾರಿಯ ಮರೆಯಲ್ಲಿ ಡಬ್ಬಗಳು, ಆಚೆ ಬದಿಯಲ್ಲಿ ಕ್ಯಾಮೆರಾ. ತಾರಸಿಯ ಮೇಲೆ ಮಾಸ್ಟರ್, ತಂಡದ ನಾಲ್ಕಾರು ಜನ, ನಾಯಕಿಯ ಹಳದಿ ಅಂಗಿ ತೊಟ್ಟ ಬುಗುರಿ. ಮಾಸ್ಟರ್ ಅಂಚಿಗೆ ಬೆನ್ನು ಹಾಕಿ ನಿಂತು, ಹಿಮ್ಮಡಿ ಎಲ್ಲಿ ಇಡಬೇಕೆಂದು ಅವಳಿಗೆ ತೋರಿಸುತ್ತಿದ್ದ. ಬೀಳಪ್ಪ ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತು, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ನೇರ ಮಗಳ ಬಳಿ ಹೋಗಿ ಅವಳ ಸೊಂಟಕ್ಕೆ ಹಗ್ಗ ಸುತ್ತಲು ತೊಡಗಿದ. ಮಾಸ್ಟರ್ ಹಗ್ಗವನ್ನು ಕಿತ್ತು ಬಿಸಾಡಿದ. ಬೀಳಪ್ಪ ಮತ್ತೆ ತಂದ. ಎರಡನೆಯ ಸಲ ಮಾಸ್ಟರ್ ಎಲ್ಲರೆದುರು ಅವನ ಕೆನ್ನೆಗೆ ಬಿಗಿದ.

ಇಲ್ಲೊಂದು ಅವಮಾನವಾಯಿತು. ಮೂವತ್ತು ವರ್ಷ ಪಳಗಿದ ಮೈ ಯಜಮಾನನನ್ನು ಕೇಳಲಿಲ್ಲ. ಏಟು ಬಿದ್ದ ಕೂಡಲೇ ಬೀಳಪ್ಪ ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ, ಹೆಗಲು ಕೊಟ್ಟು, ಧೂಳೆಬ್ಬಿಸಿ, ನೋಡಲು ಎರಡು ಕಣ್ಣು ಸಾಲದೆಂಬಂತೆ ಬಿದ್ದ. ತಂಡದವರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ಕೇಳಿಯೇ ಅವನಿಗೆ ತಲೆ ಕೆಟ್ಟಿತು. ಎದ್ದು ಬಂದು ಹೊಡೆದ. ಹುಟ್ಟಿದಾರಭ್ಯ ಅವನು ಕೊಟ್ಟ ಮೊದಲ ಏಟು ಅದು, ಎಲ್ಲಿಗೆ ಹೊಡೆಯಬೇಕು, ಎಲ್ಲಿ ನಿಲ್ಲಿಸಬೇಕು ಒಂದೂ ಗೊತ್ತಿಲ್ಲ. ಮುಷ್ಟಿ ಮಾಸ್ಟರನ ಬಾಯೊಳಗೆ ಹೋಗಿ ಎರಡು ಹಲ್ಲು ಹಿಡಿದುಕೊಂಡು ಹೊರಗೆ ಬಂತು. ಮಾಸ್ಟರ್ ಬೆರಗಾಗಿ ತನ್ನ ರಕ್ತವನ್ನು ತಾನೇ ನೋಡಿದ. ಇಷ್ಟು ಕಾಲ ಬೇರೆಯವರದ್ದನ್ನೇ ನೋಡಿದ್ದವನು. ಆಮೇಲೆ ಗುಡುಗಿದ. ಮೊಣಕಾಲು ಬೀಳಪ್ಪನ ಪಕ್ಕೆಗೆ ಹೋಯಿತು, ಒಳಗೆ ಎಲುಬು ಚಟಕ್ಕೆಂದಿತು. ಬೀಳಪ್ಪ ಅವನ ಕಿವಿ ಕಚ್ಚಿದ. ಮಾಸ್ಟರ್ ಅವನ ಹಳೆಯ ಕೆನ್ನೆಯ ಹೊಲಿಗೆಯ ಮೇಲೆಯೇ ಗುದ್ದಿ ಅದನ್ನು ಮತ್ತೆ ತೆರೆದ. ಇಬ್ಬರೂ ಒಬ್ಬರ ರಕ್ತದಲ್ಲಿ ಒಬ್ಬರು ಜಾರಿ, ಎದ್ದು, ಮತ್ತೆ ಹಿಡಿದುಕೊಂಡರು. ಬಿಡಿಸಲು ಯಾರೂ ಮುಂದೆ ಬರಲಿಲ್ಲ. ಇದು ಹೊಸದಾಗಿ ಸೇರಿಸಿದ ಹೊಡೆದಾಟವೆಂದೇ ಅರ್ಧ ಜನ ತಿಳಿದರು. ಕೆಳಗಿನಿಂದ ನಿರ್ದೇಶಕ, ತುಂಬ ಸಹಜವಾಗಿದೆ ಎನ್ನುವುದು ಕೇಳಿಸಿತು. ಕ್ಯಾಮೆರಾದವನು ಸುಮ್ಮನಿರಲಾರದೆ ಗುಂಡಿ ಒತ್ತಿದ. "ಬಿಡಿ ಮಾವ, ಅಪ್ಪನ ಕತ್ತು," ಎಂದು ಬುಗುರಿ ನಡುವೆ ನುಗ್ಗಿದವಳು ಯಾರ ಮೊಣಕೈಯೋ ತಾಗಿ ಹಿಂದೆ ಬಿದ್ದಳು.

ಬೀಳಪ್ಪ ಎರಡೂ ಕೈಯಿಂದ ಮಾಸ್ಟರನ ಸೊಂಟದ ಬೆಲ್ಟನ್ನು ಹಿಡಿದುಕೊಂಡ. ಹಿಂದಕ್ಕೆ ಒಂದೊಂದೇ ಹೆಜ್ಜೆ ಇಟ್ಟ. ಹಿಮ್ಮಡಿಗೆ ತಾರಸಿಯ ಅಂಚು ತಾಗಿತು.

"ಹಗ್ಗ ಬೇಡ ಅಂತೀಯಲ್ಲ ಭಾವ," ಎಂದ. "ಬಾ ಹಂಗಾದ್ರೆ."

ಹಿಂದಕ್ಕೆ ಒರಗಿದ.

ಅಷ್ಟು ವರ್ಷ ಒಬ್ಬನೇ ಬಿದ್ದವನಿಗೆ ಅಂದು ಜೊತೆ ಸಿಕ್ಕಿತು. ಬೀಳುವುದರಲ್ಲಿ ಅವನಿಗೆ ಕಲಿಯುವುದೇನೂ ಉಳಿದಿರಲಿಲ್ಲ. ಗದ್ದವನ್ನು ಎದೆಗೆ ಒತ್ತಿ, ಬೆನ್ನು ಅಗಲ ಮಾಡಿ, ಉಸಿರು ಬಿಟ್ಟು, ಗಾಳಿಯಲ್ಲೇ ಬೆಲ್ಟು ಬಿಟ್ಟು ಡಬ್ಬಗಳ ನಟ್ಟನಡುವೆ ಇಳಿದ. ರಟ್ಟು ಸಿಡಿಯಿತು, ಬಲಗೈ ಮಣಿಕಟ್ಟು ಮುರಿಯಿತು, ಕತ್ತಿಗೆ ಮಾತ್ರ ಆ ದಿನವೂ ವಿಷಯ ಗೊತ್ತಾಗಲಿಲ್ಲ. ಊರಿಗೆ ಊರನ್ನೇ ಬೀಳಿಸಿದ ಮಾಸ್ಟರನಿಗೆ ತಾನು ಬೀಳುವುದು ಹೇಗೆಂದು ತಿಳಿದಿರಲಿಲ್ಲ. ಕೈಕಾಲು ಬಡಿಯುತ್ತಾ, ಗಾಳಿಯನ್ನು ಹಿಡಿದು ಮೇಲೆ ಹತ್ತಲು ನೋಡುತ್ತಾ ಬಂದ. ಮೇಲಿನ ಅರ್ಧ ಡಬ್ಬಗಳ ಮೇಲೆ ಬಿತ್ತು, ಕೆಳಗಿನ ಅರ್ಧ ಲಾರಿಯ ಕಬ್ಬಿಣದ ಅಂಚಿಗೆ ಬಡಿಯಿತು. ತೊಡೆ, ಕೀಲಿಲ್ಲದ ಕಡೆ ಮಡಿಚಿಕೊಂಡಿತು. ಬಿಳಿಯ ಎಲುಬು ಪ್ಯಾಂಟನ್ನು ಹರಿದು ಹೊರಗೆ ಇಣುಕಿತು. ಒಂದು ಗಳಿಗೆ ಅವನಿಗೂ ಅರ್ಥವಾಗಲಿಲ್ಲ. ಆಮೇಲೆ ಅರಚಿದ ನೋಡಿ, ಗೋದಾಮಿನ ಸೂರಿನ ಪಾರಿವಾಳಗಳು ಎದ್ದವು ಎದ್ದಂತೆಯೇ ಬೇರೆ ಊರು ಸೇರಿದವು.

ಬುಗುರಿ ಅಂಚಿಗೆ ತೆವಳಿ ಬಂದು ಕೆಳಗೆ ನೋಡಿದಳು. ಮಾವನ ಎಲುಬು ಕಂಡಿತು. ಅಪ್ಪ ಅಲುಗಾಡದೆ ಮಲಗಿದ್ದುದು ಕಂಡಿತು. ಡಬ್ಬಗಳ ಆ ಚೌಕ, ಅಲ್ಲಿಂದ ನೋಡಿದರೆ ಬೆಂಕಿಪೊಟ್ಟಣದಷ್ಟಿತ್ತು. ಅದುವರೆಗೆ ಅವಳು ಅದನ್ನು ನೋಡಿಯೇ ಇರಲಿಲ್ಲ. ಬೆನ್ನು ಹಾಕಿ ಬೀಳುವವರಿಗೆ ನೋಡುವ ಕೆಲಸವಿಲ್ಲವೆಂದು ಮಾವ ಹೇಳಿದ್ದ. ತಾರಸಿಯಿಂದ ತಾರಸಿಗೆ ಹಾರುವವಳು ಅಂದು ಮೆಟ್ಟಿಲುಗಳನ್ನು ಕೂತು ಕೂತು ಇಳಿದಳು.

ಅಪ್ಪನ ಬಳಿ ಬಂದವಳೇ ಬದುಕಿದ್ದಾನೋ ಇಲ್ಲವೋ ಎಂದೂ ನೋಡದೆ ಎರಡೂ ಮುಷ್ಟಿಯಿಂದ ಅವನ ಎದೆಗೆ ಗುದ್ದಿದಳು. ಮುರಿದ ಪಕ್ಕೆಯ ಮೇಲೆಯೇ ಬಿತ್ತು.

"ಸತ್ತೋಗಿದ್ರೆ? ಸತ್ತೋಗಿದ್ರೆ ಏನ್ ಮಾಡ್ತಿದ್ದೆ ನೀನು?"

"ಮೆಲ್ಲಗೆ ಕಣೇ," ಎಂದ ಬೀಳಪ್ಪ ಬಾಯಿಂದ ರಕ್ತ ಉಗುಳುತ್ತಾ. "ಬೀಳೋದು ನನ್ನ ಕೆಲಸ, ಬಿದ್ದೆ. ನೀನೂ ಬೀಳು. 'ಅಷ್ಟೇನೂ ಎಳೀಲಿಲ್ಲ' ಅಂತ ಅವತ್ತು ಅಂದ್ಯಲ್ಲ, ಅದನ್ನ ಇನ್ನೊಂದ್ಸಲ ಅನ್ನು ನೋಡೋಣ."

ಅವಳು ಅನ್ನಲಿಲ್ಲ. ಗುದ್ದುವುದನ್ನು ಮಾತ್ರ ಆಂಬ್ಯುಲೆನ್ಸ್ ಬರುವವರೆಗೂ ನಿಲ್ಲಿಸಲಿಲ್ಲ.

ಕಾಲು ಜಾರಿತು ಎಂದು ಮಾಸ್ಟರ್ ಆಸ್ಪತ್ರೆಯಲ್ಲೂ ಪೊಲೀಸರಲ್ಲೂ ಬರೆಸಿದ. ಬೀಳಪ್ಪನಂಥ ಬೀಳಪ್ಪ ತನ್ನನ್ನು ಬೀಳಿಸಿದ ಎಂದು ಹೇಳಿಕೊಳ್ಳುವುದಕ್ಕಿಂತ ಇನ್ನೊಂದು ತೊಡೆ ಮುರಿಸಿಕೊಳ್ಳುವುದು ಅವನಿಗೆ ಹಗುರವಾಗಿತ್ತು. ಈಗ ಕೋಲು ಹಿಡಿದು ನಡೆಯುತ್ತಾನೆ, ತಂಗಿಯ ಮನೆಗೆ ಬರುತ್ತಾನೆ, ಟೀ ಕುಡಿಯುತ್ತಾನೆ, ಬೀಳಪ್ಪನ ಜೊತೆ ಮಾತಿಲ್ಲ. ಕಂಪ್ಯೂಟರಿನ ಫ್ಯಾನಿಗೆ ಬೈದು ಹೋಗುತ್ತಾನೆ.

ಬುಗುರಿ ಆ ಬೀಳನ್ನು ಬಿದ್ದದ್ದು ಅಪ್ಪನ ಪಕ್ಕೆ ಕೂಡಿಕೊಂಡ ಮೇಲೆ, ಬೇರೊಬ್ಬ ಮಾಸ್ಟರನ ಕೈಕೆಳಗೆ. ಹಗ್ಗವನ್ನು ಅವಳೇ ಆರಿಸಿ ತಂದಿದ್ದಳು. ಹಡಗು ಕಟ್ಟಿದರೂ ಹಡಗೇ ಸೋಲಬೇಕು, ಅಷ್ಟು ದಪ್ಪ. ಸೊಂಟದ ಸುತ್ತ ನೀಲಿ ಬಾಸುಂಡೆ ಎದ್ದು ವಾರವಿಡೀ ಮಗ್ಗುಲು ಬದಲಿಸಲಾಗಲಿಲ್ಲ. ತಾಯಿ ಮುಲಾಮು ಹಚ್ಚುತ್ತಾ ಅಣ್ಣನಿಗೂ ಗಂಡನಿಗೂ ಸಮಪಾಲು ಶಾಪ ಹಾಕಿದಳು.

ಅಳಿಸಲು ಬೀಳಪ್ಪ ಎಡಗೈಯಲ್ಲೇ ಕೂತ. ಹಗ್ಗ ಹೋಯಿತು, ನೆರಳು ಹೋಯಿತು, ಉಬ್ಬು ಹೋಯಿತು. ಸೊಂಟ ಜಗ್ಗಿದ್ದನ್ನು ಈ ಸಲ ಮುಟ್ಟಲಿಲ್ಲ. ಎಲ್ಲ ಮುಗಿದ ಮೇಲೆ ಒಂದು ಉಳಿಯಿತು. ಎರಡೂ ಕೈ ಅಗಲಿಸಿ ಬೀಳಬೇಕೆಂದು ಹೇಳಿಕೊಟ್ಟಿದ್ದರು; ಬುಗುರಿ ಎಡಗೈಯನ್ನು ಅಗಲಿಸಿದ್ದಳು, ಬಲಗೈಯಿಂದ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಈಗ ಹಗ್ಗವಿಲ್ಲ. ಖಾಲಿ ಗಾಳಿಯಲ್ಲಿ, ಗಿಣ್ಣುಗಳು ಬೆಳ್ಳಗಾಗುವ ಹಾಗೆ ಬಿಗಿದ ಒಂದು ಮುಷ್ಟಿ ಮಾತ್ರ ತಾರಸಿಯಿಂದ ನೆಲದವರೆಗೆ ಬರುತ್ತದೆ.

ಸಿನಿಮಾ ಬಂದಾಗ ಜನ ಅದನ್ನು ನಾಯಕಿಯ ಸೇಡು ಎಂದುಕೊಂಡು ಸಿಳ್ಳೆ ಹೊಡೆದರು. ನಿರ್ದೇಶಕನೂ ಅದಕ್ಕೆ ತಲೆದೂಗಿದ. ಮುಷ್ಟಿ ಬಿಡಿಸುವ ಪಾಠವೂ ಬೋಳು ಮೇಷ್ಟರ ಬಳಿ ಇತ್ತು, ಬೀಳಪ್ಪ ಅದನ್ನು ಕಲಿತಿದ್ದ ಕೂಡ. ಬಿಡಿಸಲಿಲ್ಲ.